ಬೆನ್ನು ನೋಡುವವರು

ಮೇ 6

ಈ ವರ್ಷದ ಮೊದಲ ಉಣ್ಣಿ ಇವತ್ತು ಸಿಕ್ಕಿತು. ಎಡ ಮೊಣಕಾಲಿನ ಹಿಂದೆ, ಮಡಿಕೆಯೊಳಗೆ. ಹೋದ ಸಲ ಕಡಿದ ಕ್ರಿಸ್‌ಮಸ್ ಮರಗಳ ಜಾಗಕ್ಕೆ ಜಮೀನಿನ ಕೆಳಗಿನ ತುಂಡಿನಲ್ಲಿ ಫರ್ ಮರದ ಸಸಿ ನೆಡುತ್ತಿದ್ದೆ. ಸಾಲುಗಳ ನಡುವೆ ಹಳೆಯ ಹುಲ್ಲು ಒಣಗಿ ಮೊಣಕಾಲೆತ್ತರ ನಿಂತಿದೆ. ಹಿಂದಿನ ಶರತ್ಕಾಲದಲ್ಲೇ ಅದನ್ನು ಕತ್ತರಿಸಬೇಕಿತ್ತು. ಆಗ ಹೆಂಡತಿ ಗ್ಲೆಂಡಾಳನ್ನು ಆಸ್ಪತ್ರೆಗೆ ಕರೆದೊಯ್ಯುವುದು, ಕರೆತರುವುದು, ಇಷ್ಟರಲ್ಲೇ ದಿನ ಮುಗಿಯುತ್ತಿತ್ತು. ಫೆಬ್ರವರಿಯಲ್ಲಿ ಅವಳು ಹೋದಳು. ಹುಲ್ಲು ಹಾಗೇ ಉಳಿಯಿತು.

ಉಗುರಿನಿಂದ ಹಿಡಿದು ಕಿತ್ತೆ. ಅರ್ಧ ಬಂತು, ಅರ್ಧ ಒಳಗೇ ನಿಂತಿತು.

ಪ್ರತಿ ವಸಂತದಲ್ಲೂ ಸಂಜೆ ಊಟಕ್ಕೆ ಕೂರುವ ಮೊದಲು ಅವಳು ನನ್ನನ್ನು ಅಡುಗೆಮನೆಯ ದೀಪದ ಕೆಳಗೆ ನಿಲ್ಲಿಸಿ, ಕನ್ನಡಕ ಹಾಕಿಕೊಂಡು, ಕಿವಿಯ ಹಿಂದೆ, ಕಂಕುಳಲ್ಲಿ, ಬೆನ್ನ ಮೇಲೆ ಹುಡುಕುತ್ತಿದ್ದಳು. ಊಟ ಆರುತ್ತದೆ ಎಂದು ನಾನು ಗೊಣಗುತ್ತಿದ್ದೆ. ಈಗ ಆರುವಂಥ ಊಟವೂ ಇಲ್ಲ. ಡಬ್ಬಿಯ ಸೂಪನ್ನು ಪಾತ್ರೆಯಿಂದಲೇ ಕುಡಿದೆ.

ಮಲಗಲು ಮಹಡಿ ಹತ್ತಲಿಲ್ಲ. ಒಲೆಯ ಪಕ್ಕದ ದಿವಾನ್ ಮಂಚವೇ ಸಾಕು.

ಮೇ 11

ಕತ್ತಿನ ಹಿಂದೆ ಇನ್ನೊಂದು ಕೂತಿತ್ತು. ಅಪ್ಪ ಮಾಡುತ್ತಿದ್ದಂತೆ ಬೆಂಕಿಕಡ್ಡಿ ಗೀರಿ, ಆರಿಸಿ, ಬಿಸಿ ತುದಿಯನ್ನು ಅದಕ್ಕೆ ತಾಗಿಸಲು ಹೋದೆ. ಕಣ್ಣಿಗೆ ಕಾಣದ ಜಾಗಕ್ಕೆ ಅಂದಾಜಿನಲ್ಲಿ ಬಿಸಿ ಮುಟ್ಟಿಸಿದರೆ ಏನಾಗುತ್ತದೋ ಅದೇ ಆಯಿತು. ಕತ್ತು ಸುಟ್ಟಿತು, ಉಣ್ಣಿ ಅಲ್ಲೇ ಇತ್ತು.

ಮುಲಾಮು ತರಲೆಂದು ಔಷಧಿ ಅಂಗಡಿಗೆ ಹೋದೆ. ಅಂಗಡಿಯನ್ನು ಈಗ ಶಾನಾ ನೋಡಿಕೊಳ್ಳುತ್ತಾಳೆ. ಅವಳ ಅಜ್ಜಿ ಮತ್ತು ಗ್ಲೆಂಡಾ ಚರ್ಚಿನಲ್ಲಿ ಒಂದೇ ಸಾಲಿನಲ್ಲಿ ನಿಂತು ಹಾಡುತ್ತಿದ್ದವರು. ಕತ್ತು ತೋರಿಸಿದ್ದಕ್ಕೆ ಅವಳು ಬೈಯಲಿಲ್ಲ, ನಗಲೂ ಇಲ್ಲ. ಒಳಗಿನ ಕೋಣೆಯಲ್ಲಿ ಕೂರಿಸಿ, ಸೂಜಿಯಂಥ ಮೂತಿಯ ಚಿಮಟ ತಂದು, ಚರ್ಮಕ್ಕೆ ಅಂಟುವಷ್ಟು ಹತ್ತಿರ ಹಿಡಿದು, ತಿರುಚದೆ, ಅವಸರ ಮಾಡದೆ, ನೆಟ್ಟಗೆ ಎಳೆದಳು. ಇಡಿಯಾಗಿ ಬಂತು. ಸೋಪು ನೀರಿನಲ್ಲಿ ತೊಳೆದಳು.

"ಬೆಂಕಿ, ವ್ಯಾಸಲೀನು, ಸೀಮೆಎಣ್ಣೆ ಏನೂ ಬೇಡ ಕಾರ್ಕಮ್ ಅವರೇ. ಅದಕ್ಕೆ ಹಿಂಸೆ ಆದಷ್ಟೂ ಹೊಟ್ಟೇಲಿರೋದನ್ನ ನಿಮ್ಮ ಮೈಯೊಳಗೇ ಕಕ್ಕತ್ತೆ," ಅಂದಳು. ಗೋಡೆಯ ಮೇಲಿದ್ದ ಚಿತ್ರವನ್ನೂ ತೋರಿಸಿದಳು. ಕಚ್ಚಿದ ಕೆಲವು ದಿನಕ್ಕೆ ಕೆಂಪು ಬಳೆಯಂತೆ ಹರಡುವ ಗುರುತು. ಅದು ಕಂಡರೆ ಕಾಯಬಾರದು, ಕಾಣದಿದ್ದರೂ ಜ್ವರ, ಕೀಲು ನೋವು, ತಲೆ ಸುತ್ತು ಬಂದರೆ ಕಾಯಬಾರದು. ಬಿಳಿ ಪ್ಯಾಂಟು ಹಾಕಿ, ಅದನ್ನು ಕಾಲುಚೀಲದೊಳಗೆ ತುರುಕಿಕೊಳ್ಳಬೇಕಂತೆ. ತೋಟದಿಂದ ಬಂದ ಬಟ್ಟೆಯನ್ನು ನೀರಿಗೆ ಹಾಕುವ ಮೊದಲೇ ಡ್ರೈಯರ್‌ನ ಬಿಸಿಗೆ ಹಾಕಬೇಕಂತೆ. ಒಗೆದರೆ ಸಾಯದ್ದು ಒಣ ಬಿಸಿಗೆ ಸಾಯುತ್ತದಂತೆ. ಮೈಗೆ ಹಚ್ಚಿಕೊಳ್ಳುವ ಒಂದು ಬಾಟಲಿಯನ್ನೂ, ಚಿಮಟವನ್ನೂ ಕೊಟ್ಟಳು.

"ದಿನಾ ಸಂಜೆ ಮೈಯೆಲ್ಲ ನೋಡ್ಕೊಳ್ಳಿ. ಬೆನ್ನನ್ನ ಮನೇಲಿ ಯಾರಾದ್ರೂ..." ಎಂದವಳು ಅಷ್ಟಕ್ಕೇ ನಿಲ್ಲಿಸಿದಳು. ಮತ್ತೆ ಬಾಟಲಿಯ ಮುಚ್ಚಳ ಸರಿಯಾಗಿದೆಯೇ ಎಂದು ನೋಡಿದಳು.

ನಾನು ಮಳೆ ಬಿಸಿಲಿನ ಮಾತು ಆಡಿ ಬಂದೆ.

ಮೇ 23

ಎರಡು ಕನ್ನಡಿ ಇಟ್ಟುಕೊಂಡು ಬೆನ್ನು ನೋಡಲು ಪ್ರಯತ್ನಿಸಿದೆ. ಕೈ ಎಡಕ್ಕೆ ಹೋಗೆಂದರೆ ಬಲಕ್ಕೆ ಹೋಗುತ್ತದೆ. ಸೊಂಟದ ಮೇಲೆ ಒಂದು ಕಪ್ಪು ಚುಕ್ಕೆ ಕಂಡಿತು. ಚಿಮಟ ಹಿಡಿದು ಬಹಳ ಹೊತ್ತು ಅದರ ಜೊತೆ ಗುದ್ದಾಡಿದೆ. ರಕ್ತ ಬಂದ ಮೇಲೆ ಗೊತ್ತಾಯಿತು, ಅದು ಮಚ್ಚೆ. ಅರವತ್ತೆಂಟು ವರ್ಷ ಹೊತ್ತು ತಿರುಗಿದ ಮಚ್ಚೆಯ ಪರಿಚಯ ನನಗೇ ಇರಲಿಲ್ಲ. ಗ್ಲೆಂಡಾಳಿಗೆ ಇದ್ದಿರಬೇಕು.

ಕನ್ನಡಿ ತೆಗೆದಿಟ್ಟೆ. ಪ್ಯಾಂಟು ತುರುಕುವುದೂ ಬೇಡ, ಬಾಟಲಿಯೂ ಬೇಡ. ಕಾಯಿಲೆ ಬಂದರೆ ಬರಲಿ. ಯಾರಿಗೇನು ನಷ್ಟ.

ಜೂನ್ 2

ಮಳೆ. ಏನೂ ಮಾಡಲಿಲ್ಲ.

ಜೂನ್ 11

ಬೇಲಿ ಸರಿಮಾಡಲು ಗಡಿಯ ಹತ್ತಿರ ಹೋಗಿದ್ದೆ. ಆಚೆ ಕಡೆ ನೆರೆಯ ಲೋರ್ನ್ ವೀನೋ ತನ್ನ ಎತ್ತುಗಳಿಗೆ ನೀರು ಹೊಯ್ದು ತಿಕ್ಕುತ್ತಿದ್ದ. ಅಂಗಿ ಬಿಚ್ಚಿ ಬೇಲಿಗೆ ಹಾಕಿದ್ದ. ಬೆನ್ನು ನನ್ನ ಕಡೆಗಿತ್ತು.

ನಮ್ಮ ಮಧ್ಯೆ ಮಾತು ನಿಂತು ವರ್ಷಗಳಾಗಿವೆ. ಅವನ ಎತ್ತಿನ ಜೋಡಿ ಒಂದು ಸಲ ಬೇಲಿ ಮುರಿದು ನನ್ನ ಎಳೆಯ ಮರಗಳಿಗೆ ನುಗ್ಗಿತ್ತು. ಕೊಂಬು ಉಜ್ಜಿ, ತುಳಿದು, ಒಂದು ತುಂಡನ್ನೇ ಹಾಳುಮಾಡಿದ್ದವು. ಎತ್ತು ಕಟ್ಟಲು ಬಾರದವನು ಎತ್ತು ಸಾಕಬಾರದು ಎಂದು ನಾನು ಅಂದೆ. ಒಂದು ದಿನದ ಅಲಂಕಾರಕ್ಕಾಗಿ ಹತ್ತು ವರ್ಷ ಮರ ಬೆಳೆಸಿ ಕೊಲ್ಲುವವನು ತನಗೆ ಬುದ್ಧಿ ಹೇಳಬಾರದು ಎಂದು ಅವನು ಅಂದ. ಅಲ್ಲಿಗೆ ಮುಗಿಯಿತು. ಗ್ಲೆಂಡಾ ಮಾತ್ರ ಅವನಿಗೆ ಪ್ರತಿ ಬೇಸಿಗೆ ಹುಳಿ ದಂಟಿನ ಜಾಮು ಕಳಿಸುತ್ತಿದ್ದಳು, ನನಗೆ ಹೇಳದೆ. ಅವಳನ್ನು ಮಣ್ಣು ಮಾಡಿದ ದಿನ ಚರ್ಚಿನ ಬಾಗಿಲಲ್ಲಿ ಟೋಪಿ ಹಿಡಿದು ನಿಂತಿದ್ದ. ನಾನು ತಿರುಗುವಷ್ಟರಲ್ಲಿ ಇರಲಿಲ್ಲ.

ಅವನ ಎಡ ಭುಜದ ಕೆಳಗೆ ತಟ್ಟೆಯಷ್ಟು ಅಗಲದ ಕೆಂಪು ಇತ್ತು. ನಡುವೆ ಒಂದು ಕೆಂಪು ಬೊಟ್ಟು, ಸುತ್ತ ಮಾಸಲು, ಅದರಾಚೆ ಮತ್ತೆ ಬಳೆಯಂತೆ ಕೆಂಪು. ಔಷಧಿ ಅಂಗಡಿಯ ಗೋಡೆಯ ಚಿತ್ರವೇ ಅವನ ಬೆನ್ನ ಮೇಲೆ ಅಂಟಿದಂತಿತ್ತು.

ಅವನಿಗೆ ಅದು ಕಾಣುವ ದಾರಿಯಿಲ್ಲ. ಮದುವೆಯಾಗದವನು. ತಾಯಿ ಹೋದ ಮೇಲೆ ಆ ಮನೆಯಲ್ಲಿ ಒಬ್ಬನೇ.

ಮೊಳೆ ಹೊಡೆದು ಮುಗಿಸಿ ಬಂದೆ. ಹೇಳಲಿಲ್ಲ. ನಾನೇಕೆ ಹೇಳಬೇಕು.

ಜೂನ್ 12

ಬೆಳಗಿನಿಂದ ಆ ಬಳೆ ಕಣ್ಣೆದುರಿನಿಂದ ಹೋಗಲಿಲ್ಲ. ಸಸಿಗಳಿಗೆ ಗೊಬ್ಬರ ಹಾಕುವಾಗ ಹಾಕಿದ ಸಾಲಿಗೇ ಮತ್ತೆ ಹಾಕಿದೆ.

ಮಧ್ಯಾಹ್ನ ಹೋದೆ. ಅವನು ಕೊಟ್ಟಿಗೆಯ ಮುಂದೆ ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತಿದ್ದ. ಹಾಗೆ ಕೂರುವವನಲ್ಲ ಅವನು. ನನ್ನನ್ನು ನೋಡಿ ಏಳಲಿಲ್ಲ. ನಿನ್ನ ಬೆನ್ನ ಮೇಲೆ ಉಣ್ಣಿ ಕಚ್ಚಿದ ಗುರುತಿದೆ, ಡಾಕ್ಟರಿಗೆ ತೋರಿಸು ಎಂದೆ.

"ನನ್ನ ಬೆನ್ನು ನೋಡೋಕೆ ಯಾವಾಗಿಂದ ಶುರು ಮಾಡ್ದೆ ನೀನು?" ಅಂದ.

"ಬೇಲಿ ಹತ್ರ ಇದ್ದೆ. ಕಂಡಿತು."

"ಕಂಡ್ರೆ ಕಣ್ಣು ಆಕಡೆ ತಿರುಗಿಸ್ಕೋಬೇಕು. ಇಷ್ಟು ವರ್ಷ ತಿರುಗಿಸ್ಕೊಂಡಿರಲಿಲ್ವಾ?"

ಬಳೆಯ ಬಗ್ಗೆ ಶಾನಾ ಹೇಳಿದ್ದನ್ನೆಲ್ಲ ಹೇಳಿದೆ. ತಾನು ಹುಟ್ಟಿದಾಗಿನಿಂದ ಉಣ್ಣಿಯ ಜೊತೆಗೇ ಬದುಕಿದವನು, ಎತ್ತಿಗೆ ಬರುತ್ತದೆ, ನಾಯಿಗೆ ಬರುತ್ತದೆ, ತನಗೂ ಬರುತ್ತದೆ, ಕಿತ್ತು ಬಿಸಾಕಿದರಾಯಿತು ಎಂದ. ಎಲ್ಲಿದೆ ಎಂದೇ ಕಾಣದ್ದನ್ನು ಹೇಗೆ ಕೀಳುತ್ತೀ ಎಂದು ಕೇಳಿದೆ. ಒಳಗೆ ಹೋಗಲು ಎದ್ದವನು ಬಾಗಿಲ ಚೌಕಟ್ಟು ಹಿಡಿದು ಒಂದು ಕ್ಷಣ ನಿಂತ. ನೋಡಿದೆ. ಅವನೂ ನಾನು ನೋಡಿದ್ದನ್ನು ನೋಡಿದ. ಬಾಗಿಲು ಮುಚ್ಚಿಕೊಂಡ.

ಹೇಳುವುದನ್ನು ಹೇಳಿಯಾಯಿತು. ಇನ್ನು ಅವನ ಹಣೆಬರಹ.

ಜೂನ್ 14

ಅವನ ಟ್ರ್ಯಾಕ್ಟರಿನ ಸದ್ದು ನಿನ್ನೆಯೂ ಇಲ್ಲ, ಇವತ್ತೂ ಇಲ್ಲ.

ಜೂನ್ 15

ಬೆಳಿಗ್ಗೆ ಅವನ ಎತ್ತುಗಳು ಕೂಗತೊಡಗಿದವು. ಅವು ಕೂಗುವ ಜಾತಿಯವಲ್ಲ. ನೀರು ಹುಲ್ಲು ಕಂಡಿಲ್ಲದ ಕೂಗು ಎಂದು ಯಾರಿಗಾದರೂ ಗೊತ್ತಾಗುತ್ತದೆ. ಕಾಫಿ ಬಿಟ್ಟು ಓಡಿದೆ. ಬೇಲಿಯ ಮೇಲಿಂದಲೇ ಹಾರಿದೆ, ಪ್ಯಾಂಟು ಹರಿಯಿತು.

ಲೋರ್ನ್ ಕೊಟ್ಟಿಗೆಯ ನೆಲದ ಮೇಲೆ ಗೋಡೆಗೆ ಒರಗಿ ಕೂತಿದ್ದ. ಮುಖ ಬೂದಿಯ ಬಣ್ಣ. ಎಚ್ಚರವಿತ್ತು. ಏಳಲು ಹೋದರೆ ಕಣ್ಣು ಕತ್ತಲಾಗುತ್ತದೆ, ಎರಡು ಸಲ ಬಿದ್ದೆ ಎಂದ. ಮಣಿಕಟ್ಟು ಹಿಡಿದು ನೋಡಿದೆ. ಒಂದು ಬಡಿತ ಆದ ಮೇಲೆ ಇನ್ನೊಂದು ಬರುವುದೇ ಇಲ್ಲವೇನೋ ಅನ್ನುವಷ್ಟು ತಡ. ಆಂಬುಲೆನ್ಸಿಗೆ ಫೋನು ಮಾಡಿ ಅವನ ಪಕ್ಕದಲ್ಲೇ ಒದ್ದೆ ನೆಲದ ಮೇಲೆ ಕೂತೆ. ಬಿಡದೆ ಮಾತಾಡಿಸುತ್ತಿದ್ದೆ. ಏನು ಮಾತಾಡಿದೆ ಎಂದು ಈಗ ನೆನಪಿಲ್ಲ.

ಆಂಬುಲೆನ್ಸಿನವರು ವಯಸ್ಸು ಕೇಳಿದರು, ಹಳೆಯ ಹೃದಯದ ಕಾಯಿಲೆಯೇ ಎಂದು ಕೇಳಿದರು. ನಾನು ಅವನ ಅಂಗಿ ಎತ್ತಿ ಬೆನ್ನು ತೋರಿಸಿದೆ. ಅವರಲ್ಲೊಬ್ಬ ಹೆಂಗಸು ಅದನ್ನು ನೋಡಿ ಜೊತೆಯವನಿಗೆ ಏನೋ ಹೇಳಿದಳು, ಇಬ್ಬರೂ ಅವಸರಕ್ಕೆ ಬಿದ್ದರು. ಈ ಗುರುತು ಯಾವಾಗಿನಿಂದ ಇದೆ ಎಂದು ನನ್ನನ್ನು ಕೇಳಿದಳು. ನಾನು ನೋಡಿ ನಾಲ್ಕು ದಿನ ಎಂದೆ.

ಒಳಗೆ ಮಲಗಿಸುವಾಗ ಅವನು ನನ್ನ ತೋಳು ಹಿಡಿದ.

"ಎತ್ತು," ಅಂದ.

"ನೋಡ್ಕೋತೀನಿ."

"ನೀನಾ?"

"ಬೇರೆ ಯಾರಿದ್ದಾರೆ ಇಲ್ಲಿ," ಅಂದೆ.

ಜೂನ್ 17

ಲೋರ್ನ್‌ನ ಅಕ್ಕನ ಮಗಳು ಡಾರ್ಲೀನ್ ಆಸ್ಪತ್ರೆಯಿಂದ ಫೋನು ಮಾಡಿದ್ದಳು. ಉಣ್ಣಿಯ ರೋಗ ಹೃದಯಕ್ಕೆ ಇಳಿದು ಅದರ ಬಡಿತದ ಸಂದೇಶವನ್ನೇ ತಡೆಯುತ್ತಿತ್ತಂತೆ. ಕತ್ತಿನ ರಕ್ತನಾಳದಿಂದ ತಾತ್ಕಾಲಿಕವಾಗಿ ಒಂದು ತಂತಿ ಇಳಿಸಿ ಬಡಿತ ನಡೆಸಿದ್ದಾರೆ, ರಕ್ತಕ್ಕೇ ಔಷಧಿ ಹನಿಸುತ್ತಿದ್ದಾರೆ. ಮುಪ್ಪಿನ ಹೃದಯ ಎಂದುಕೊಂಡಿದ್ದರೆ ಕಾಯಂ ಯಂತ್ರ ಕೂರಿಸಿ ಕಳಿಸುತ್ತಿದ್ದರೇನೋ, ರೋಗ ಒಳಗೇ ಉಳಿಯುತ್ತಿತ್ತು. ಬೆನ್ನು ತೋರಿಸಿದ್ದರಿಂದ ಮೊದಲ ದಿನವೇ ಸರಿಯಾದ ಔಷಧಿ ಬಿತ್ತು ಎಂದು ಡಾಕ್ಟರು ಹೇಳಿದರಂತೆ. ವಾಸಿಯಾಗುವ ರೋಗವಂತೆ. ಅವಳು ಅತ್ತಳು. ನನಗೆ ಏನು ಹೇಳಬೇಕೆಂದು ತೋಚದೆ ಎತ್ತುಗಳು ಚೆನ್ನಾಗಿವೆ ಎಂದೆ.

ಚೆನ್ನಾಗೇನೂ ಇಲ್ಲ. ಎರಡರಲ್ಲಿ ಬ್ರೈಟ್ ಹುಲ್ಲು ತಿನ್ನುತ್ತದೆ. ಲಯನ್ ನನ್ನ ಕೈಯ ನೀರು ಮುಟ್ಟುತ್ತಿಲ್ಲ.

ಜೂನ್ 18

ಲೋರ್ನ್ ತಾನೇ ಫೋನು ಮಾಡಿದ. ದನಿ ಸಣ್ಣಗಿತ್ತು. ಹೇಗಿದ್ದೀ ಎಂದರೆ ಅದನ್ನು ಬಿಡು ಅಂದ. ಲಯನ್ ನೀರು ಕುಡಿಯುತ್ತಿಲ್ಲ ಎಂದೆ.

"ಎಡಗಡೆ ನಿಂತ್ಕೊಂಡು ಕೊಡು. ಬಲಗಡೆಯಿಂದ ಬಂದ್ರೆ ಕುಡಿಯಲ್ಲ."

"ಬಲಗಡೆಯಿಂದ ಬಂದ್ರೆ ಏನಂತೆ?"

"ಅದನ್ನ ಅವನ್ನೇ ಕೇಳು."

ಎಡಗಡೆ ನಿಂತೆ. ಇಡೀ ಬಕೆಟ್ ಹೀರಿತು, ಆಮೇಲೆ ಒದ್ದೆ ಮೂತಿಯನ್ನು ನನ್ನ ಅಂಗಿಗೆ ಒರೆಸಿತು.

ಜೂನ್ 24

ಆರು ಗಂಟೆಗೆ ಎತ್ತುಗಳ ಕೆಲಸ. ಎದ್ದಮೇಲೆ ಎದ್ದದ್ದೇ ಎಂದು ಮೊಟ್ಟೆ ಬೇಯಿಸಿಕೊಳ್ಳುತ್ತಿದ್ದೇನೆ. ಬ್ರೈಟ್‌ನ ಕಿವಿಯೊಳಗೆ, ಬಾಲದ ಬುಡದಲ್ಲಿ ಉಣ್ಣಿ ಗೊಂಚಲುಗಟ್ಟಿದ್ದವು. ಎತ್ತಿನ ಕತ್ತನ್ನು ಎಡಗೈಯಲ್ಲಿ ಕೆರೆಯುತ್ತಾ ಬಲಗೈಯ ಚಿಮಟದಿಂದ ಒಂದೊಂದಾಗಿ ತೆಗೆದೆ. ಶಾನಾ ಹೇಳಿದ ರೀತಿಯೇ: ಚರ್ಮದ ಹತ್ತಿರ ಹಿಡಿ, ನೆಟ್ಟಗೆ ಎಳೆ, ಅವಸರ ಬೇಡ. ಹಿಡಿತ ಈಗ ಕೈಗೆ ಬಂದಿದೆ. ತೆಗೆದವನ್ನು ಟೇಪಿಗೆ ಅಂಟಿಸಿ ಮಡಚಿ ಎಸೆದೆ.

ಅಷ್ಟು ಉಣ್ಣಿಯ ನಡುವೆ ಹಾಗೇ ನಿಲ್ಲಲಾಗುವುದಿಲ್ಲ. ಗ್ಲೆಂಡಾ ಮನೆಗೆ ಬಣ್ಣ ಹೊಡೆಯುವಾಗ ತಂದಿದ್ದ ಬಿಳಿ ಪ್ಯಾಂಟು ಸಿಕ್ಕಿತು. ಕಾಲುಚೀಲದೊಳಗೆ ತುರುಕಿ, ಬೂಟಿಗೂ ಮಣಿಕಟ್ಟಿಗೂ ಬಾಟಲಿಯ ಔಷಧಿಯನ್ನು ಹಚ್ಚಿಕೊಂಡೆ. ಕನ್ನಡಿಯಲ್ಲಿ ನೋಡಿದರೆ ಹಳೆಯ ಕಾಲದ ಹಾಲು ಮಾರುವವನಂತೆ ಕಾಣುತ್ತಿದ್ದೆ.

ಎರಡೂ ಕಡೆಯ ಹುಲ್ಲು ಕತ್ತರಿಸಿದೆ. ಮೊದಲು ನನ್ನ ಸಾಲುಗಳ ನಡುವೆ, ಆಮೇಲೆ ಅವನ ಕೊಟ್ಟಿಗೆಯ ದಾರಿ. ಯಂತ್ರ ಹೊರಗೆ ಬಂದದ್ದೇ ಬಂದಿತ್ತು.

ಜುಲೈ 3

ಡಾರ್ಲೀನ್ ಅವನನ್ನು ಮನೆಗೆ ಕರೆತಂದಳು. ತಂತಿ ತೆಗೆದಿದ್ದಾರೆ, ಹೃದಯ ತಾನೇ ಬಡಿಯುತ್ತಿದೆ. ಮೈ ಅರ್ಧವಾಗಿದೆ. ಕಾರಿನಿಂದ ಇಳಿದವನು ನೇರ ಕೊಟ್ಟಿಗೆಗೆ ಹೋದ. ನಾನು ನನ್ನ ಕಡೆಯಿಂದ ನೋಡುತ್ತಿದ್ದೆ. ಎರಡರ ನಡುವೆ ನಿಂತು ಎರಡರ ಕೊರಳಿನ ಮೇಲೂ ಒಂದೊಂದು ಕೈ ಇಟ್ಟು ಬಹಳ ಹೊತ್ತು ನಿಂತಿದ್ದ.

ಈಗ ಬೆಳಿಗ್ಗೆ ಏಳಬೇಕಾದ ಕೆಲಸವಿಲ್ಲ.

ಜುಲೈ 4

ಆರಕ್ಕೇ ಎಚ್ಚರವಾಯಿತು. ಹೇಗೂ ಎದ್ದಿದ್ದೇನೆಂದು ಅವನ ಕಡೆ ಹೋಗಿ ಬಕೆಟ್ ಎತ್ತಿದೆ. ಭಾರ ಎತ್ತಬಾರದೆಂದು ಅವನಿಗೆ ಡಾಕ್ಟರು ಹೇಳಿದ್ದಾರೆ. ಅವನು ಬೇಡ ಅನ್ನಲಿಲ್ಲ.

ಸಂಜೆ ಊಟದ ಹೊತ್ತಿಗೆ ಬಾಗಿಲು ಬಡಿದ. ಇಲ್ಲಿಯವರು ಪುಡಿಂಗು ಅನ್ನುವ ಹಂದಿಮಾಂಸದ ಸಾಸೇಜಿನ ಸುರುಳಿಯನ್ನೂ ಹುಳಿ ಎಲೆಕೋಸಿನ ಜಾಡಿಯನ್ನೂ ಮೇಜಿನ ಮೇಲಿಟ್ಟ. ಉಪಕಾರವಾಯಿತು ಎಂಬ ಮಾತು ಆಡಲಿಲ್ಲ. ಆಡಿದ್ದರೆ ಇಬ್ಬರಿಗೂ ಕಷ್ಟವಾಗುತ್ತಿತ್ತು. ಒಲೆಯ ಕಡೆ ನೋಡುತ್ತಾ, ದಿನಾ ಸಂಜೆ ಯಾರಾದರೂ ಬೆನ್ನು ನೋಡಬೇಕೆಂದು ಡಾಕ್ಟರು ಹೇಳಿದ್ದಾರೆ, ಡಾರ್ಲೀನ್ ದೂರದ ಬ್ರಿಡ್ಜ್‌ವಾಟರಿನಲ್ಲಿ ಇರುವವಳು, ದಿನಾ ಬರಲಾಗುವುದಿಲ್ಲ ಎಂದ. ಅಷ್ಟು ಹೇಳುವುದರಲ್ಲಿ ಬೆವೆತಿದ್ದ.

ದೀಪದ ಕೆಳಗೆ ನಿಲ್ಲು ಎಂದೆ. ಕನ್ನಡಕ ಹಾಕಿಕೊಂಡೆ. ಬಳೆ ಮಾಸಿ ಹೋಗಿದೆ, ನೆರಳಿನಷ್ಟು ಉಳಿದಿದೆ. ಕಿವಿಯ ಹಿಂದೆ, ಕತ್ತಿನ ಕೂದಲಂಚು, ಕಂಕುಳು, ಸೊಂಟದ ಪಟ್ಟಿಯ ಸುತ್ತ ನೋಡಿದೆ. ಏನೂ ಇಲ್ಲ ಎಂದೆ. ಅಂಗಿ ಹಾಕಿಕೊಂಡ. ಬಾಗಿಲವರೆಗೆ ಹೋದವನು ನಿಂತ.

"ನಿನ್ನದನ್ನ ಯಾರು ನೋಡ್ತಾರೆ?"

"ಯಾರೂ ಇಲ್ಲ."

"ಬಿಚ್ಚು ಮತ್ತೆ. ಎಷ್ಟು ಹೊತ್ತು ನಿಂತಿರ್ಲಿ ನಾನು?"

ಎತ್ತಿನ ಹಗ್ಗ ಹಿಡಿದು ಹಿಡಿದು ಅವನ ಬೆರಳು ಮರದ ತೊಗಟೆಯಂತಾಗಿವೆ. ದನ ಕೊಳ್ಳುವವನು ನೋಡುವ ಹಾಗೆ ನನ್ನ ಭುಜ ತಿರುಗಿಸಿ, ಕಿವಿ ಮಡಚಿ ನೋಡಿದ. ಸೊಂಟದ ಮೇಲಿನ ಗಾಯದ ಕಲೆ ಏನು ಎಂದು ಕೇಳಿದ. ಮಚ್ಚೆಯನ್ನು ಉಣ್ಣಿಯೆಂದು ಕಿತ್ತ ಕಥೆ ಹೇಳಬೇಕಾಯಿತು. ಅವನು ನಗಲು ಶುರುಮಾಡಿ ಎದೆ ಹಿಡಿದುಕೊಂಡು ಕುರ್ಚಿಯ ಮೇಲೆ ಕೂತ. ಹೃದಯಕ್ಕೆ ಏನಾಯಿತೋ ಎಂದು ನನಗೆ ಗಾಬರಿ. ಅವನು ಕಣ್ಣೊರೆಸಿಕೊಳ್ಳುತ್ತಾ, ಮನುಷ್ಯ ಒಂಟಿಯಾಗಿ ಇರಲೆಂದೇ ದೇವರ ಇಚ್ಛೆಯಾಗಿದ್ದರೆ ಕತ್ತು ಇನ್ನಷ್ಟು ತಿರುಗುವ ಹಾಗೆ ಮಾಡಿರುತ್ತಿದ್ದ ಎಂದ.

ಪುಡಿಂಗು ಚೆನ್ನಾಗಿತ್ತು. ಇಬ್ಬರಿಗೂ ಸಾಕಾಗಿ ಮಿಕ್ಕಿತು.

ಜುಲೈ 16

ಮರಗಳ ಆಕಾರ ಸವರುವ ಕೆಲಸ ಶುರು. ಉದ್ದ ಕತ್ತಿ ಬೀಸಿ ಬೀಸಿ ಸಂಜೆಗೆ ತೋಳು ಎತ್ತಲಾಗುವುದಿಲ್ಲ. ಲೋರ್ನ್‌ಗೆ ಕತ್ತಿ ಕೊಡುವಂತಿಲ್ಲ. ಸಾಲಿನ ತುದಿಯಲ್ಲಿ ಕುರ್ಚಿ ಹಾಕಿಕೊಂಡು ಕೂತು, ಯಾವ ಮರ ಯಾವ ಕಡೆ ಸೊಟ್ಟಗಿದೆ ಎಂದು ಹೇಳುತ್ತಾನೆ. ಒಂದು ಮರವನ್ನು ನೋಡಿ ನಮ್ಮ ಪಾದ್ರಿಯ ಹೊಟ್ಟೆಯ ಹಾಗಿದೆ ಅಂದ. ಮತ್ತೆ ಸವರಿದೆ. ನಿಜವಾಗಿಯೂ ಹಾಗೇ ಇತ್ತು.

ಅವನಿಗೂ ಒಂದು ಬಿಳಿ ಪ್ಯಾಂಟು ತಂದುಕೊಟ್ಟಿದ್ದೇನೆ. ದಾರಿಯಲ್ಲಿ ಹೋಗುವವರು ಕಾರು ನಿಧಾನ ಮಾಡಿ ನೋಡುತ್ತಾರೆ. ನೋಡಲಿ.

ಜುಲೈ 27

ಊರಿನ ಕೃಷಿ ಪ್ರದರ್ಶನದಲ್ಲಿ ಎತ್ತುಗಳು ಭಾರ ಎಳೆಯುವ ಪಂದ್ಯ. ಈ ಸಲ ಲೋರ್ನ್‌ನ ಜೋಡಿ ಇಲ್ಲ. ನೋಡಲೂ ಹೋಗುವುದಿಲ್ಲ ಎಂದು ಕೂತಿದ್ದವನನ್ನು ಎಬ್ಬಿಸಿ ಕರೆದುಕೊಂಡು ಹೋದೆ. ಹಲಗೆಯ ಮೆಟ್ಟಿಲ ಮೇಲೆ ಕೂತು ಪ್ರತಿ ಜೋಡಿಯ ನೊಗ ಕೊಂಬಿಗೆ ಹೇಗೆ ಬಿಗಿದಿದೆ, ಯಾರು ಅವಸರದವನು, ಯಾವ ಎತ್ತು ಮೈಗಳ್ಳ ಎಂದು ಕಿವಿಯಲ್ಲಿ ಹೇಳುತ್ತಲೇ ಇದ್ದ. ನನಗೆ ಅರ್ಧ ತಿಳಿಯಲಿಲ್ಲ. ಆದರೂ ಕಡೆಯ ಜೋಡಿ ಕಲ್ಲಿನ ಭಾರವನ್ನು ಕದಲಿಸಿದಾಗ ಎದ್ದು ನಿಂತಿದ್ದೆ.

ಸುಮಾರು ಜನ ಬಂದು ಮಾತಾಡಿಸಿದರು. ಗ್ಲೆಂಡಾಳ ಬಗ್ಗೆಯೂ ಕೇಳಿದರು. ಹೇಳಿದೆ.

ಆಗಸ್ಟ್ 20

ಹೊಸ ಆಲೂಗಡ್ಡೆ, ಬಟಾಣಿ, ಹುರುಳಿಕಾಯಿ ಎಲ್ಲ ಸೇರಿಸಿ ಕೆನೆಯಲ್ಲಿ ಬೇಯಿಸಿದೆ. ಗ್ಲೆಂಡಾ ಮಾಡುತ್ತಿದ್ದ ರುಚಿ ಬರಲಿಲ್ಲ. ಬೆಣ್ಣೆ ಕಡಿಮೆ ಎಂದು ಲೋರ್ನ್ ಹೇಳಿದ. ಹೇಳುತ್ತಾ ಮೂರು ಸಲ ಹಾಕಿಸಿಕೊಂಡ.

ಈ ಬಿಸಿಲಿಗೆ ಉಣ್ಣಿ ಕಡಿಮೆ. ಆದರೂ ನೋಡುತ್ತೇವೆ.

ಸೆಪ್ಟೆಂಬರ್ 9

ಮಹಡಿಯ ಮಲಗುವ ಕೋಣೆಯ ಕಿಟಕಿಯ ಗಾಜು ಸಡಿಲವಾಗಿದೆ, ಗಾಳಿಗೆ ಬಡಿದುಕೊಂಡು ಬೆಳಗಿನ ನಿದ್ದೆ ಕೆಡಿಸಿತು. ನಾಳೆ ಮೆತ್ತಬೇಕು.

ಅಕ್ಟೋಬರ್ 19

ತಂಪಾಗುತ್ತಲೂ ದೊಡ್ಡ ಉಣ್ಣಿಗಳು ಎದ್ದಿವೆ. ನಿನ್ನೆ ಇಡೀ ದಿನ ಕಡಿಯಬೇಕಾದ ಮರಗಳಿಗೆ ಗುರುತಿನ ಪಟ್ಟಿ ಕಟ್ಟುತ್ತಾ ಸಾಲಿನಿಂದ ಸಾಲಿಗೆ ತಿರುಗಿದ್ದೆ.

ಸಂಜೆ ದೀಪದ ಕೆಳಗೆ ನಿಂತಾಗ ಲೋರ್ನ್‌ನ ಬೆರಳು ಎರಡು ಭುಜಗಳ ಸರಿಯಾಗಿ ನಡುವೆ ನಿಂತಿತು. ನನ್ನ ಯಾವ ಕೈಯೂ ಮುಟ್ಟದ ಜಾಗ ಅದು.

"ಅಲ್ಲಾಡಬೇಡ ಕಣಯ್ಯಾ. ಒಂದಿದೆ. ಚೆನ್ನಾಗಿ ಬೇರು ಬಿಟ್ಟಿದೆ."

ಚಿಮಟ ತಂದ. ಎಡ ಅಂಗೈಯನ್ನು ನನ್ನ ಬೆನ್ನ ಮೇಲೆ ಒತ್ತಿ ಊರಿದ, ಬಲಗೈ ಅದರ ಮೇಲೆ ಒರಗಿಸಿಕೊಂಡ. ಅವನ ಉಸಿರು ಕತ್ತಿಗೆ ತಾಗುತ್ತಿತ್ತು. ನಿಧಾನ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಚರ್ಮ ಎಳೆದಂತಾಯಿತು, ಬಿಟ್ಟಂತಾಯಿತು. ಬಂತು, ತಲೆ ಸಮೇತ ಬಂತು ಎಂದ. ಸೋಪು ಹಚ್ಚಿ, ಬಿಸಿನೀರಿನ ಬಟ್ಟೆಯಿಂದ ಒರೆಸಿದ.

ಗ್ಲೆಂಡಾ ನೋಡಿ ಮುಗಿಸಿದ ಮೇಲೆ ಬೆನ್ನ ಮೇಲೆ ಒಮ್ಮೆ ತಟ್ಟುತ್ತಿದ್ದಳು, ಹೋಗಿ ಊಟ ಮಾಡು ಅನ್ನುವಂತೆ. ಲೋರ್ನ್ ತಟ್ಟಲಿಲ್ಲ. ಅಂಗೈ ಮಾತ್ರ ಅಲ್ಲೇ ಇತ್ತು, ಬೆಚ್ಚಗೆ. ಏನಾಯಿತೋ ನನಗೆ. ಸಿಂಕಿನ ಅಂಚು ಹಿಡಿದು ನಿಂತೆ. ಮಣ್ಣು ಮಾಡಿದ ದಿನ ಬಾರದ ಅಳು ಎಲ್ಲಿತ್ತೋ, ಭುಜ ಕುಲುಕುವಷ್ಟು ಬಂತು. ಅವನು ಕೈ ತೆಗೆಯಲಿಲ್ಲ.

ಆಮೇಲೆ ಚಿಮಟ ಒರೆಸುತ್ತಾ ಮಾತಾಡಿದ.

"ಪ್ರತಿ ವರ್ಷ ಜಾಮು ಕಳಿಸ್ತಿದ್ಲು ಅವ್ಳು. ಚೀಟಿ ಇಲ್ಲ, ಏನಿಲ್ಲ. ಬೇಲಿ ಕಂಬದ ಮೇಲೆ ಇಟ್ಟು ಹೋಗೋಳು. ನಾನು ಖಾಲಿ ಜಾಡಿ ತೊಳೆದು ಅಲ್ಲೇ ಇಡ್ತಿದ್ದೆ. ಅಷ್ಟೇ ನಮ್ಮ ಮಾತುಕತೆ."

"ಗೊತ್ತಿತ್ತು ನಂಗೆ," ಅಂದೆ.

"ನಿಂಗೆ ಗೊತ್ತಿದೆ ಅನ್ನೋದೂ ಅವ್ಳಿಗೆ ಗೊತ್ತಿತ್ತು ಬಿಡು."

ಅಂಗಿ ಕೊಟ್ಟ. ಊಟ ಆರಿತ್ತು. ಹಾಗೇ ತಿಂದೆವು.

ಅಕ್ಟೋಬರ್ 20

ಬೆಳಿಗ್ಗೆ ಔಷಧಿ ಅಂಗಡಿ ತೆರೆಯುವ ಮೊದಲೇ ಲೋರ್ನ್ ನನ್ನನ್ನು ಟ್ರಕ್ಕಿನಲ್ಲಿ ಕೂರಿಸಿಕೊಂಡು ಬಂದು ಬಾಗಿಲಲ್ಲಿ ನಿಂತಿದ್ದ. ಉಣ್ಣಿಯನ್ನು ಟೇಪಿಗೆ ಅಂಟಿಸಿ ತಂದಿದ್ದ. ಶಾನಾ ನೋಡಿ, ಇಷ್ಟು ಉಬ್ಬಿದೆಯೆಂದರೆ ಒಂದು ದಿನಕ್ಕಿಂತ ಹೆಚ್ಚು ಕಚ್ಚಿಕೊಂಡಿತ್ತು, ಮೂರು ದಿನದೊಳಗೆ ಬಂದದ್ದು ಒಳ್ಳೆಯದಾಯಿತು ಎಂದು ಒಂದೇ ಹೊತ್ತಿಗೆ ನುಂಗುವ ಮಾತ್ರೆ ಕೊಟ್ಟಳು. ಮುಂದಿನ ವಾರಗಳಲ್ಲಿ ಆ ಜಾಗ ನೋಡುತ್ತಿರಬೇಕು, ಬಳೆ ಬಂದರೆ ತಡಮಾಡಬಾರದು ಎಂದಳು.

"ನಾನು ನೋಡ್ತೀನಿ," ಎಂದು ಲೋರ್ನ್ ಹೇಳಿದ. ಔಷಧಿ ತನಗೇ ಕೊಟ್ಟ ಹಾಗೆ ಚೀಟಿಯನ್ನು ಮಡಚಿ ಜೇಬಿಗಿಟ್ಟುಕೊಂಡ.

ಒಂದು ದಿನಕ್ಕಿಂತ ಹೆಚ್ಚು ಎಂದರೆ ಮೊನ್ನೆ ಸಂಜೆ ಅವನ ಕಣ್ಣು ತಪ್ಪಿಸಿಕೊಂಡಿತ್ತು ಎಂದಾಯಿತು. ಹಿಂತಿರುಗುವಾಗ ಲೋರ್ನ್ ಹೊಸ ಕನ್ನಡಕ ಮಾಡಿಸಿಕೊಳ್ಳುತ್ತೇನೆ ಎಂದ.

ನವೆಂಬರ್ 14

ಮರ ಕಡಿಯುವುದು, ಬಲೆಗೆ ತುಂಬುವುದು, ಲಾರಿಗೆ ಏರಿಸುವುದು. ಬರೆಯಲು ಪುರಸೊತ್ತಿಲ್ಲ. ಕೆಳಗಿನ ತುಂಡು ಮಳೆಗೆ ಕೆಸರಾಗಿ ಟ್ರ್ಯಾಕ್ಟರು ಹೂತುಹೋಯಿತು. ಲೋರ್ನ್ ಜೋಡಿ ಹೂಡಿಕೊಂಡು ಬಂದ. ಮರ ಹೇರಿದ ಜಾರುಗಾಡಿಯನ್ನು ಬ್ರೈಟ್ ಮತ್ತು ಲಯನ್ ಸಂಜೆಯವರೆಗೂ ಎಳೆದವು. ತಿರುವಿನಲ್ಲಿ ಲಯನ್‌ನ ಭುಜ ತಾಗಿ ಒಂದು ಒಳ್ಳೆಯ ಮರ ಬುಡಕ್ಕೇ ಮುರಿಯಿತು. ನಾನೂ ನೋಡಿದೆ, ಅವನೂ ನೋಡಿದ. ಸ್ವಲ್ಪ ದೂರ ಹೋದ ಮೇಲೆ ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಬೆನ್ನಿನ ಜಾಗದಲ್ಲಿ ಬಳೆ ಬಂದಿಲ್ಲ.

ಡಿಸೆಂಬರ್ 7

ಕಡೆಯ ಲಾರಿ ಹೋಯಿತು. ಮಧ್ಯಾಹ್ನದಿಂದ ಹಿಮ. ಸಂಜೆಯ ಹೊತ್ತಿಗೆ ಬುಡಗಳೆಲ್ಲ ಮುಚ್ಚಿಹೋದವು. ಹಿಮದಡಿಯಲ್ಲಿ ಉಣ್ಣಿ ಹುಲ್ಲಿನ ಬುಡ ಸೇರಿ ಸುಮ್ಮನಿರುತ್ತದೆ. ಕರಗುವವರೆಗೆ ಅದರ ಭಯವಿಲ್ಲ. ಬಾಟಲಿಯನ್ನೂ ಚಿಮಟವನ್ನೂ ಒರೆಸಿ ಮೇಲಿನ ಅಟ್ಟಣಿಗೆಯಲ್ಲಿಟ್ಟೆ. ಊಟಕ್ಕೆ ಒಬ್ಬನಿಗಾಗುವಷ್ಟು ಮೀನು ಬೇಯಲು ಉಪ್ಪುನೀರಿಗೆ ಹಾಕಿದೆ. ಇನ್ನು ಅವನು ಬರುವ ಕಾರಣವಿಲ್ಲವಲ್ಲ ಎಂದುಕೊಂಡೆ.

ಎಂದಿನ ಹೊತ್ತಿಗೇ ಬಾಗಿಲಾಚೆ ಬೂಟಿನ ಹಿಮ ಕೊಡವುವ ಸದ್ದು. ಲೋರ್ನ್ ಒಳಗೆ ಬಂದು ಟೋಪಿ ತೆಗೆದು ಗೂಟಕ್ಕೆ ಹಾಕಿದ.

"ಇವತ್ತಿಂದ ನೋಡೋದೇನಿಲ್ವಲ್ಲ," ಅಂದೆ.

"ಗೊತ್ತು," ಅಂದ. ಕುರ್ಚಿ ಒಲೆಯ ಹತ್ತಿರ ಎಳೆದುಕೊಂಡು ಬೂಟು ಬಿಚ್ಚತೊಡಗಿದ.

ಇನ್ನೊಂದು ಮೀನು ತೆಗೆದು ಉಪ್ಪುನೀರಿಗೆ ಹಾಕಿದೆ.